62 ಪರ್ಸೆಂಟಿಗೆ ನಿಂತ ಕೃಷ್ಣಸಂಧಾನ

ದೊಡ್ಡಪ್ಪನ ವರ್ಷಾಂತಿಕ ಮುಗಿದ ಮೇಲೆ ಅವರ ಕಪಾಟು ತೆಗೆದೆವು. ಪಂಚಾಂಗಗಳ ಹಿಂದೆ 36 ಮಿನಿ ಡಿವಿ ಟೇಪುಗಳಿದ್ದವು. ಪಕ್ಕದಲ್ಲಿ, ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಟೇಪುಗಳಿಗೆ ನಮ್ಮ ಮಲೆನಾಡಿನ ಮಳೆಗಾಲ ಬೂಷ್ಟು ಹಿಡಿಸಿತ್ತು. ಅವನ್ನು ಓಡಿಸುವ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಬೂಷ್ಟು ಬರುವ ಮುಂಚೆಯೇ ದೊಡ್ಡಪ್ಪ ಒಂದೊಂದೇ ಟೇಪನ್ನು ಕಂಪ್ಯೂಟರಿಗೆ ಇಳಿಸಿ ಆ ಡಿಸ್ಕಿನಲ್ಲಿ ಇಟ್ಟಿದ್ದರು. ಸುತ್ತಲಿನ ಊರುಗಳಲ್ಲಿ ನಡೆದ ಬಯಲಾಟ, ತಾಳಮದ್ದಳೆ. ಅದರಲ್ಲಿ ಕುಣಿದವರು, ಅರ್ಥ ಹೇಳಿದವರು ಅರ್ಧಕ್ಕರ್ಧ ಈಗಿಲ್ಲ. ಕ್ಯಾಮೆರಾ ಹಿಡಿದವರೂ ಇಲ್ಲ. ಇದ್ದದ್ದು ಆ ಒಂದೇ ಡಿಸ್ಕ್.

ಒಂದೇ ಪ್ರತಿ ಎಂದು ಗೊತ್ತಾದ ಕ್ಷಣದಿಂದ ನನಗೆ ನಿದ್ದೆ ಬರಲಿಲ್ಲ. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಟ್ಟರೆ ಮುಗಿಯಿತು, ಒಂದು ಸಂಜೆಯ ಕೆಲಸ ಎಂದುಕೊಂಡೆ. ಆ ಕೆಲಸ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮದುವೆಯ ವಿಡಿಯೊ, ತೀರಿಹೋದವರ ದನಿ, ಮಕ್ಕಳ ಮೊದಲ ಹೆಜ್ಜೆ ಎಲ್ಲವನ್ನೂ ಇಂಥದೇ ಒಂದು ಕಪ್ಪು ಡಬ್ಬಿಯಲ್ಲಿಟ್ಟು ಕಪಾಟಿಗೆ ಸೇರಿಸಿದ ಮನೆಗಳು ನಮ್ಮ ಊರಲ್ಲೇ ಬೇಕಾದಷ್ಟಿವೆ.

ಮೊದಲ ಅಡ್ಡಿ ಮೊದಲ ನಿಮಿಷಕ್ಕೇ ಬಂತು. ಮನೆಯಲ್ಲೇ ಮಗನ 1 ಟಿಬಿ ಡಿಸ್ಕ್ ಇತ್ತು, ಟಿ.ವಿ.ಗೆ ಸಿಕ್ಕಿಸಿ ಸಿನಿಮಾ ನೋಡಲು ಅವನು ಇಟ್ಟುಕೊಂಡದ್ದು. ಪೂರಾ ಖಾಲಿ. ಅದಕ್ಕೆ ಮೊದಲ ಫೈಲನ್ನು ಎಳೆದುಬಿಟ್ಟರೆ, ಈ ಫೈಲ್ ಅಲ್ಲಿಗೆ ತೀರಾ ದೊಡ್ಡದಾಯಿತು ಎಂಬ ಸಂದೇಶ. ಪೂರಾ ಖಾಲಿ ಇರುವ ಡಿಸ್ಕಿಗೆ 13 ಜಿಬಿಯ ಫೈಲ್ ಹೇಗೆ ದೊಡ್ಡದಾದೀತು?

ಮಿನಿ ಡಿವಿ ಟೇಪಿನ ಲೆಕ್ಕ ನೇರ. ಒಂದು ಚಿತ್ರಕ್ಕೆ 1,44,000 ಬೈಟ್, ಸೆಕೆಂಡಿಗೆ 25 ಚಿತ್ರ. ಅಂದರೆ ಸೆಕೆಂಡಿಗೆ 36 ಲಕ್ಷ ಬೈಟ್. ಒಂದು ಗಂಟೆಯ ಟೇಪಿಗೆ ಹೆಚ್ಚೂಕಡಿಮೆ 13 ಜಿಬಿ. ಮಗನ ಡಿಸ್ಕ್ ಇದ್ದದ್ದು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ. 1996ರ ಹೊತ್ತಿಗೆ ವಿಂಡೋಸ್ 95ರ ಜೊತೆ ಬಂದ ಪದ್ಧತಿ ಅದು. ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು ಎಂದು ಬರೆದಿಡುವ ಖಾತೆ ಪುಸ್ತಕ ಅಂದುಕೊಳ್ಳಿ. ಆ ಪುಸ್ತಕದಲ್ಲಿ ಗಾತ್ರ ಬರೆಯುವ ಕಾಲಂಗೆ 32 ಮನೆ ಮಾತ್ರ, ಒಂದೊಂದರಲ್ಲಿ ಸೊನ್ನೆ ಇಲ್ಲವೆ ಒಂದು. 32 ಮನೆಯಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅಷ್ಟು ಬೈಟ್ ಅಂದರೆ 4 ಜಿಬಿಗೆ ಒಂದೇ ಬೈಟ್ ಕಡಿಮೆ. ಅದಕ್ಕಿಂತ ದೊಡ್ಡ ಫೈಲಿಗೆ ಕಣಜದಲ್ಲಿ ಜಾಗವಿದ್ದರೂ ಖಾತೆಯಲ್ಲಿ ಜಾಗವಿಲ್ಲ.

ಪರಿಹಾರವೆಂದರೆ ಡಿಸ್ಕಿನ ಪದ್ಧತಿ ಬದಲಿಸುವುದು. ವಿಂಡೋಸ್ ಕಂಪ್ಯೂಟರುಗಳಲ್ಲಷ್ಟೇ ಓಡುವ ಡಿಸ್ಕಾದರೆ ಎನ್‌ಟಿಎಫ್‌ಎಸ್ ಇರಲಿ ಎಂಬುದು ನನ್ನ ಮತ. ಬರೆಯುವಾಗ ಕರೆಂಟ್ ಹೋದರೂ ಅದು ಖಾತೆ ಸರಿಪಡಿಸಿಕೊಳ್ಳಲು ಒಂದು ದಿನಚರಿ ಇಟ್ಟಿರುತ್ತದೆ. ಮ್ಯಾಕ್‌ನಲ್ಲೂ ಬರೆಯಬೇಕಾದರೆ 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಬೇಕು, ಏಕೆಂದರೆ ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆಯೇ ಹೊರತು ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಆ ದಿನಚರಿ ಇಲ್ಲ, ಕೇಬಲ್ ಹಠಾತ್ತನೆ ಕಿತ್ತರೆ ಪೆಟ್ಟು ಬೀಳುವುದು ಹೆಚ್ಚು.

ಪದ್ಧತಿ ಬದಲಿಸಲು ಫಾರ್ಮ್ಯಾಟ್ ಮಾಡಬೇಕು, ಫಾರ್ಮ್ಯಾಟ್ ಎಂದರೆ ಇದ್ದದ್ದೆಲ್ಲ ಹೋಯಿತು. ಎರಡು ಡಿಸ್ಕ್ ಒಟ್ಟಿಗೆ ಸಿಕ್ಕಿಸಿದಾಗ ಒಂದು ಇ, ಇನ್ನೊಂದು ಎಫ್. ನಾಳೆ ಅದಲುಬದಲಾದರೂ ಆದೀತು. ಎರಡೂ ಕಪ್ಪು, ಎರಡೂ ಅಂಗೈಯಗಲ. ನಾನು ದೊಡ್ಡಪ್ಪನ ಡಿಸ್ಕಿಗೆ ದೇವರ ಮನೆಯಿಂದ ಕೆಂಪು ದಾರ ತಂದು ಕಟ್ಟಿದೆ. ಕಂಪ್ಯೂಟರಿನೊಳಗೂ ಒಂದಕ್ಕೆ ‘ಹಳತು’, ಇನ್ನೊಂದಕ್ಕೆ ‘ಹೊಸತು’ ಎಂದು ಹೆಸರಿಟ್ಟೆ. ಫಾರ್ಮ್ಯಾಟ್ ಮಾಡುವ ಹೊತ್ತಿಗೆ ಕೆಂಪು ದಾರದ್ದು ಮೇಜಿನ ಮೇಲೇ ಇರಲಿಲ್ಲ, ಕಪಾಟಿನಲ್ಲಿತ್ತು.

ಆ ‘ಹೊಸತು’ ಮಗನ ಡಿಸ್ಕಲ್ಲ, ಹೊಸದೇ ಇರಲಿ ಎಂದು ಸಾಗರದ ಪೇಟೆಯಿಂದ ತಂದ 2 ಟಿಬಿಯದು. ಲ್ಯಾಪ್‌ಟಾಪಿಗೆ ಒಂದು ಚಿಕ್ಕ ಹಬ್, ಹಬ್ಬಿಗೆ ಎರಡೂ ಡಿಸ್ಕ್. ಹಳೆಯದರಲ್ಲಿದ್ದದ್ದನ್ನೆಲ್ಲ ಆರಿಸಿ ಕಾಪಿ ಕೊಟ್ಟೆ. ಹದಿನೈದು ನಿಮಿಷಕ್ಕೆ ಡುಂಡುಂಕ್ ಎಂದು ಸದ್ದು, ಹೊಸ ಡಿಸ್ಕ್ ಪರದೆಯಿಂದ ಮಾಯ. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಈ ಸಲ ಹಳತೇ ಮಾಯ. ಮೂರನೇ ಸಲ ಮಾಯವಾಗಲಿಲ್ಲ, ಐ/ಓ ಡಿವೈಸ್ ಎರರ್ ಎಂದಿತು. ನಾಲ್ಕನೇ ಸಲ ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್. ಒಂದೊಂದು ಸಲ ಒಂದೊಂದು ಮಾತು, ಒಂದೊಂದು ಕಡೆ ನಿಲುಗಡೆ. ಹೊರಗೆ ಮಳೆ, ಒಳಗೆ ದೊಡ್ಡಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು, ‘ಏನಾಯ್ತಾ ಮಾರಾಯ? ಎಲ್ಲ ಹೋಯ್ತಾ?’ ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಐದನೇ ಸಲ ಒತ್ತಲು ಹೊರಟಿದ್ದ ಕೈ ಹಿಂದೆ ತೆಗೆದೆ.

ಆ ಕೈ ಹಿಂದೆ ತೆಗೆದದ್ದೇ ಆ ಒಂಬತ್ತು ದಿನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಕಾಪಿ ನಿಂತಾಗ ಮತ್ತೆ ಮತ್ತೆ ‘ಟ್ರೈ ಅಗೇನ್’ ಒತ್ತುವುದು ಎಲ್ಲರ ಸ್ವಭಾವ. ತಪ್ಪು ಕೇಬಲಿನಲ್ಲಿದ್ದರೆ ಅದರಿಂದ ನಷ್ಟವಿಲ್ಲ. ಡಿಸ್ಕಿನಲ್ಲೇ ಇದ್ದರೆ, ಒತ್ತಿದ ಒಂದೊಂದು ಸಲವೂ ಬಳಲಿದ ಜೀವಕ್ಕೆ ಇನ್ನಷ್ಟು ಮೂಟೆ ಹೊರಿಸಿದಂತೆ.

ಎರಡು ಎಕ್ಸ್‌ಟರ್ನಲ್ ಡಿಸ್ಕುಗಳ ನಡುವೆ ಕಾಪಿ ಎಂದರೆ ಒಂದರಿಂದ ಇನ್ನೊಂದಕ್ಕೆ ನೇರ ದಾರಿ ಎಂದು ನಾವು ತಿಳಿದಿರುತ್ತೇವೆ. ನೇರ ದಾರಿ ಇಲ್ಲವೇ ಇಲ್ಲ. ಹಳೆಯ ಡಿಸ್ಕಿನಿಂದ ಅದರ ಪೆಟ್ಟಿಗೆಯ ಸಣ್ಣ ಬೋರ್ಡು, ಅಲ್ಲಿಂದ ಕೇಬಲ್, ಕಂಪ್ಯೂಟರಿನ ಪೋರ್ಟು, ಅದರ ಮೆಮೊರಿ. ಅಲ್ಲಿಂದ ಮತ್ತೆ ಇನ್ನೊಂದು ಪೋರ್ಟು, ಇನ್ನೊಂದು ಕೇಬಲ್, ಇನ್ನೊಂದು ಬೋರ್ಡು, ಹೊಸ ಡಿಸ್ಕ್. ಇಷ್ಟರಲ್ಲಿ ಎಲ್ಲಿ ತಪ್ಪಿದರೂ ಪರದೆಯ ಮೇಲೆ ಬರುವುದು ಒಂದೇ ಸಣ್ಣ ಪೆಟ್ಟಿಗೆ. ಯಾವ ಕಾಲು ಕುಂಟುತ್ತಿದೆ ಎಂದು ಅದು ಹೇಳುವುದೇ ಕಡಿಮೆ.

ಹಾಗಾಗಿ ಪಯಣವನ್ನು ಎರಡು ತುಂಡು ಮಾಡಬೇಕು. ಹೊಸ ಡಿಸ್ಕನ್ನು ಕಿತ್ತು ಪಕ್ಕಕ್ಕಿಡಿ. ಹಳೆಯದೊಂದನ್ನೇ ಸಿಕ್ಕಿಸಿ, ಒಂದು ಫೈಲನ್ನು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಕಾಪಿ ಮಾಡಿ. ಬಂತೇ? ಹಾಗಾದರೆ ಓದುವ ಕಾಲು ಗಟ್ಟಿ. ಆಮೇಲೆ ಹಳೆಯದನ್ನು ಕಿತ್ತು, ಆ ಫೈಲನ್ನು ಹೊಸ ಡಿಸ್ಕಿಗೆ ಕಳಿಸಿ. ಅಲ್ಲಿ ಎಡವಿದರೆ ತಪ್ಪು ಬರೆಯುವ ಕಡೆ. ಎರಡೂ ಒಂಟಿಯಾಗಿ ಸರಾಗವಾಗಿ ಓಡಿ, ಒಟ್ಟಿಗಿದ್ದಾಗ ಮಾತ್ರ ಬೀಳುತ್ತಿದ್ದರೆ ಸಂಶಯ ಕರೆಂಟಿನ ಮೇಲೆ. ಇಷ್ಟು ಮಾಡಲು ಯಾವ ತಂತ್ರಾಂಶವೂ ಬೇಡ, ಯಾರನ್ನೂ ಕರೆಯಬೇಕಿಲ್ಲ. ಆದರೂ ನನಗೆ ಇದು ಹೊಳೆದದ್ದು ಮೂರನೇ ದಿನಕ್ಕೆ.

ನಮ್ಮದು ಒಟ್ಟಿಗಿದ್ದಾಗ ಬೀಳುವ ಕಾಯಿಲೆಯೇ ಹೆಚ್ಚಾಗಿತ್ತು. ಡಿಸ್ಕ್ ತಂದ ಅಂಗಡಿಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗ ಎರಡೇ ಪ್ರಶ್ನೆ ಕೇಳಿ, ‘ಸಾರ್, ಮೊದ್ಲು ಆ ಹಬ್ ತೆಗೀರಿ. ಎರಡನ್ನೂ ನೇರ ಲ್ಯಾಪ್‌ಟಾಪಿಗೇ ಹಾಕಿ’ ಎಂದ. ಅಂಗೈಯಗಲದ ಡಿಸ್ಕುಗಳಿಗೆ ಬೇರೆ ಅಡಾಪ್ಟರ್ ಇಲ್ಲ, ಕೇಬಲಿನಿಂದಲೇ ಕರೆಂಟ್ ಕುಡಿಯುತ್ತವೆ. ಹಳೆಯ ಯುಎಸ್‌ಬಿ 2 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪಿಯರ್, ಯುಎಸ್‌ಬಿ 3 ಆದರೆ 900. ಒಳಗಿನ ತಟ್ಟೆ ನಿಂತಲ್ಲಿಂದ ತಿರುಗಲು ಶುರುವಾಗುವಾಗ ಡಿಸ್ಕಿಗೆ ಇದೆಲ್ಲವೂ ಬೇಕಾಗುತ್ತದೆ, ಸಾಲದೆಯೂ ಬರುತ್ತದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿಗೆ ಎರಡು ಡಿಸ್ಕ್ ಸಿಕ್ಕಿಸುವುದೆಂದರೆ ಒಬ್ಬರ ಊಟವನ್ನು ಇಬ್ಬರಿಗೆ ಬಡಿಸಿದ ಹಾಗೆ. ಡೆಸ್ಕ್‌ಟಾಪ್ ಕಂಪ್ಯೂಟರಾದರೆ ಮುಂದಿನ ಪೋರ್ಟು ಬಿಟ್ಟು ಹಿಂದಿನದಕ್ಕೆ ಹಾಕಬೇಕು. ಮುಂದಿನವು ಒಳಗೊಂದು ಉದ್ದ ತಂತಿಯಿಂದ ಮದರ್‌ಬೋರ್ಡಿಗೆ ಸೇರಿರುತ್ತವೆ, ಆ ತಂತಿ ಎಷ್ಟೋ ಕಡೆ ಕಳಪೆ. ಕರೆಂಟ್ ಹೋಗುವ ಊರಲ್ಲಿ ಈ ಕೆಲಸಕ್ಕೆ ಬ್ಯಾಟರಿ ಇರುವ ಲ್ಯಾಪ್‌ಟಾಪೇ ಸರಿ.

ಕೇಬಲ್ ವಿಷಯಕ್ಕೂ ಒಂದು ಮಾತು. ಡಿಸ್ಕಿನ ಕಡೆ ಚಪ್ಪಟೆಯಾಗಿ, ನಡುವೆ ಒಂದು ಕಚ್ಚು ಇರುವ ಅಗಲದ ಪಿನ್ ನೋಡಿರುತ್ತೀರಿ. ವರ್ಷಗಟ್ಟಲೆ ಹಾಕಿ ತೆಗೆದು ಅದು ಸಡಿಲವಾಗುತ್ತದೆ. ಕೈ ತಾಗಿ ಕೂದಲೆಳೆ ಅಲುಗಿದರೆ ಸಾಕು, ಡಿಸ್ಕ್ ಒಮ್ಮೆ ಮಾಯವಾಗಿ ಮತ್ತೆ ಬರುತ್ತದೆ. ನಡೆಯುತ್ತಿದ್ದ ಕಾಪಿ ಮಾತ್ರ ಮರಳಿ ಬರುವುದಿಲ್ಲ. ಹೊಸ ಕೇಬಲ್, ಅದೂ ಗಿಡ್ಡದ್ದು, ತಂದು ಹಾಕಿದೆ. ಹಬ್ ತೆಗೆದೆ. ಡಿಸ್ಕುಗಳನ್ನು ಮೇಜಿನ ತುದಿಯಿಂದ ನಡುವಿಗೆ ಸರಿಸಿದೆ. ಒಂದಾದ ಮೇಲೊಂದು ಫೈಲ್ ಹೋಗತೊಡಗಿತು. ಆ ರಾತ್ರಿ 36ರಲ್ಲಿ 35 ಫೈಲು ಆಚೆ ದಡ ಸೇರಿದವು.

ಉಳಿದದ್ದು ಕೃಷ್ಣಸಂಧಾನ ಪ್ರಸಂಗದ ಮೂರನೇ ಟೇಪು. ಅದು 62 ಪರ್ಸೆಂಟಿಗೆ ನಿಲ್ಲುತ್ತಿತ್ತು. ಪೋರ್ಟು ಬದಲಿಸಿದರೂ 62. ಒಳಗಿನ ಡಿಸ್ಕಿಗೆ ಕಾಪಿ ಕೊಟ್ಟರೂ 62.

ಈ ಲೇಖನದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಪಿ ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಕೇಬಲ್, ಕರೆಂಟ್, ಪೋರ್ಟು ನೋಡಿ. ಪ್ರತಿ ಸಲ ಅದೇ ಫೈಲಿನ ಅದೇ ಜಾಗದಲ್ಲಿ ನಿಂತರೆ ಡಿಸ್ಕಿನ ತಟ್ಟೆಯ ಮೇಲೆಯೇ ಗಾಯವಿರುವ ಸಂಭವ ಹೆಚ್ಚು. ಮೊದಲನೆಯದು ನೂರಿನ್ನೂರು ರೂಪಾಯಿಯ ಕೆಲಸ. ಎರಡನೆಯದಕ್ಕೆ ತಾಳ್ಮೆ ಬೇಕು.

ಡಿಸ್ಕಿನ ತಟ್ಟೆಯನ್ನು ಸೆಕ್ಟರ್ ಎಂಬ ಸಣ್ಣ ಸಣ್ಣ ತಾಕುಗಳಾಗಿ ಹಂಚಿರುತ್ತಾರೆ. ಹಳೆಯ ಡಿಸ್ಕುಗಳಲ್ಲಿ ಒಂದು ತಾಕಿಗೆ 512 ಬೈಟ್, ಈಚಿನವುಗಳಲ್ಲಿ 4,096. ಪ್ರತಿ ತಾಕಿನ ಕೊನೆಗೂ ಸ್ವಲ್ಪ ಹೆಚ್ಚುವರಿ ಅಂಕಿ ಬರೆದಿರುತ್ತದೆ, ಓದಿದ್ದು ಸರಿಯೇ ಎಂದು ತಾಳೆ ನೋಡುವುದಕ್ಕೆ. ನಮ್ಮ ಹಳೆಯ ಮೇಷ್ಟ್ರು ಗುಣಾಕಾರಕ್ಕೆ ಒಂಬತ್ತರ ತಾಳೆ ನೋಡುತ್ತಿದ್ದರಲ್ಲ, ಹಾಗೆ: 46 ಗುಣಿಸು 23 ಅಂದರೆ 1058. 46ರ ಅಂಕಿ ಕೂಡಿದರೆ ಕೊನೆಗೆ 1, 23ರದ್ದು 5, ಗುಣಿಸಿದರೆ 5. 1058ರ ಅಂಕಿ ಕೂಡಿ, ಮತ್ತೆ ಕೂಡಿದರೂ 5. ತಾಳೆಯಾಯಿತು. ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂಬ ಹೆಸರಿನ ಹಿಂದಿರುವುದೂ ಶೇಷದ ಲೆಕ್ಕವೇ. ಡಬ್ಲ್ಯು. ವೆಸ್ಲಿ ಪೀಟರ್ಸನ್ ಎಂಬ ಅಮೆರಿಕದ ಗಣಿತಜ್ಞ 1961ರಲ್ಲಿ ಕೊಟ್ಟದ್ದು. ಡಿಸ್ಕಿನೊಳಗಿನ ಅಂಕಿಗಳು ಒಂದು ಹೆಜ್ಜೆ ಮುಂದೆ ಹೋಗಿ ಸಣ್ಣಪುಟ್ಟ ತಪ್ಪನ್ನು ತಾವೇ ತಿದ್ದುತ್ತವೆ. ತಿದ್ದಲಾಗದಷ್ಟು ತಪ್ಪಿದ್ದರೆ ಡಿಸ್ಕ್ ಅದೇ ತಾಕಿಗೆ ಮತ್ತೆ ಮತ್ತೆ ಹೋಗಿ ಓದಲು ನೋಡುತ್ತದೆ. ಕಂಪ್ಯೂಟರ್ ಮರಗಟ್ಟಿದಂತೆ ಕೂರುವುದು ಆಗಲೇ. ಕೊನೆಗೆ ಕೈಚೆಲ್ಲಿ ಎರರ್ ಕೊಡುತ್ತದೆ. ಸುಳ್ಳು ಓದಿ ಕೊಡುವುದಕ್ಕಿಂತ ಆಗಲಿಲ್ಲ ಎಂದು ಹೇಳುವ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನೂ ಇಟ್ಟಿರುತ್ತದೆ, ಸ್ಮಾರ್ಟ್ ಎಂದು ಅದಕ್ಕೆ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಕಾಣುತ್ತದೆ. ಅದರಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲು ಸೊನ್ನೆ ಇರಬೇಕು. ಓದಲಾಗದೆ ಬಾಕಿ ಉಳಿದ ತಾಕುಗಳ ಎಣಿಕೆ ಅದು. ದೊಡ್ಡಪ್ಪನ ಡಿಸ್ಕಿನಲ್ಲಿ ಸೊನ್ನೆ ಇರಲಿಲ್ಲ, ಪೆಟ್ಟಿಗೆ ಹಳದಿಯಾಗಿತ್ತು.

ಈ ಹಂತದಲ್ಲಿ ಸಲಹೆಗಳ ಮಳೆ ಸುರಿಯಿತು. ಚೆಕ್‌ಡಿಸ್ಕ್ ಓಡಿಸಿ ಎಂದವರು ಹಲವರು. ಗಟ್ಟಿ ಡಿಸ್ಕಿನಲ್ಲಿ ಖಾತೆ ಪುಸ್ತಕ ಮಾತ್ರ ಕೆಟ್ಟಿದ್ದರೆ ಅದು ಒಳ್ಳೆಯ ಮದ್ದು. ತಟ್ಟೆಯೇ ಗಾಯಗೊಂಡಿದ್ದು, ಇನ್ನೊಂದು ಪ್ರತಿಯೂ ಇಲ್ಲದಾಗ ಅದನ್ನು ಓಡಿಸಬಾರದು. ಅದು ಡಿಸ್ಕನ್ನು ಮೂಲೆ ಮೂಲೆಯೂ ಕೆದಕುತ್ತದೆ, ಖಾತೆಯನ್ನೂ ತನಗೆ ತೋಚಿದಂತೆ ತಿದ್ದುತ್ತದೆ. ಮೊದಲು ಪ್ರತಿ, ಆಮೇಲೆ ರಿಪೇರಿ. ಡಿಸ್ಕ್ ಸಿಕ್ಕಿಸಿದೊಡನೆ ವಿಂಡೋಸೇ ಕೆಲವೊಮ್ಮೆ, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು ಎಂದು ಕೇಳುತ್ತದೆ. ಆಗ ಕ್ಯಾನ್ಸಲ್ ಒತ್ತಿ. ಫ್ರಿಜ್ಜಿನಲ್ಲಿಡಿ ಎಂದವರೂ ಇದ್ದರು. ನಮ್ಮ ಮಳೆಗಾಲದ ಗಾಳಿಗೆ ಫ್ರಿಜ್ಜಿನಿಂದ ಹೊರಬಂದ ಲೋಹದ ಮೇಲೆ ನೀರು ಬೆವರುವುದು ಎಲ್ಲರೂ ನೋಡಿದ್ದೇ, ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ಟಿಗೆ ಬಿಚ್ಚಿ ಡಿಸ್ಕನ್ನು ನೇರ ಕಂಪ್ಯೂಟರಿಗೆ ಜೋಡಿಸುವ ಉಪಾಯ ಕೆಲವದರಲ್ಲಿ ನಡೆಯುತ್ತದೆ, ಕೆಲವದರಲ್ಲಿ ಯುಎಸ್‌ಬಿ ಪಿನ್ನನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಟಕ್ ಟಕ್ ಎಂದು ಒಳಗಿನಿಂದ ಬಡಿತ ಕೇಳುತ್ತಿದ್ದರಂತೂ ಆ ಕ್ಷಣವೇ ಕೇಬಲ್ ಕಿತ್ತು, ಡೇಟಾ ರಿಕವರಿಯವರ ಹತ್ತಿರ ಹೋಗಬೇಕು. ಒಳಗೆ ಓದುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಆ ಸಂದಿಗೆ ನಮ್ಮ ಮನೆಯ ಒಂದು ಧೂಳಿನ ಕಣ ಬಂಡೆಯಷ್ಟು ದೊಡ್ಡದು.

ನಮ್ಮದು ಬಡಿಯುತ್ತಿರಲಿಲ್ಲ. ಹಾಗಾಗಿ ಗ್ನೂ ಡಿಡಿರೆಸ್ಕ್ಯೂ ಹಿಡಿದೆ. ಆಂಟೋನಿಯೊ ಡಿಯಾಜ್ ಡಿಯಾಜ್ ಎಂಬವರು ಬರೆದ ಉಚಿತ ತಂತ್ರಾಂಶ ಅದು. ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ ಓಡಿಸಿದೆ. ಮಾಮೂಲಿ ಕಾಪಿ ಹಟಮಾರಿ, ಕೆಟ್ಟ ತಾಕು ಸಿಕ್ಕಿದಲ್ಲೇ ಕುಳಿತುಬಿಡುತ್ತದೆ. ಇದು ತಿಳಿವಳಿಕೆಯ ಆಳಿನ ಹಾಗೆ: ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವ ಪೈರನ್ನೆಲ್ಲ ಕೊಯ್ದು ಮನೆಗೆ ಸಾಗಿಸುತ್ತದೆ, ಕೆಸರಿನ ಜಾಗವನ್ನು ಗುರುತು ಮಾಡಿಕೊಂಡು ದಾಟುತ್ತದೆ. ಆಮೇಲೆ ಆ ಗುರುತಿನ ಜಾಗಕ್ಕೆ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೈ ಹಾಕುತ್ತದೆ. ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬ ನಕ್ಷೆಯನ್ನು ಒಂದು ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿದರೂ ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ. ಇದರಲ್ಲೂ ಕೊಡುವುದು ಯಾವುದು, ತೆಗೆದುಕೊಳ್ಳುವುದು ಯಾವುದು ಎಂದು ಹಿಂದುಮುಂದಾದರೆ ಸರ್ವನಾಶ. ನಾನು ಆ ಸಾಲು ಟೈಪ್ ಮಾಡಿ, ಕೆಂಪು ದಾರ ನೋಡಿ, ಮತ್ತೆ ಸಾಲು ಓದಿ, ಮಗನಿಂದಲೂ ಓದಿಸಿ ಆಮೇಲೆ ಎಂಟರ್ ಒತ್ತಿದೆ.

500 ಜಿಬಿಯ ಇಡೀ ಡಿಸ್ಕ್ ಸಂಜೆಯೊಳಗೆ ಬಂತು. ಗಾಯದ ಜಾಗಕ್ಕೆ ಮುಂದಿನ ಎರಡು ರಾತ್ರಿ ಹಿಡಿಯಿತು. ಮೊದಲಿಗೆ ಬಾಕಿ ಉಳಿದದ್ದು ಹಲವು ಮೆಗಾಬೈಟ್. ಬೆಳಗ್ಗೆ ಎದ್ದು ನೋಡಿದರೆ ಒಂದಕ್ಕಿಂತ ಕಡಿಮೆ. ಮಾರನೆಯ ಬೆಳಗ್ಗೆ 48 ಕಿಲೋಬೈಟ್. ಆಮೇಲೆ ಎಷ್ಟು ಹೊತ್ತು ಕಾದರೂ ಅದು ಇಳಿಯಲಿಲ್ಲ. ಅಲ್ಲಿಗೆ ನಿಲ್ಲಿಸಿ, ಹಳೆಯ ಡಿಸ್ಕಿನ ಕೇಬಲ್ ತೆಗೆದು, ಅದೇ ಬನಿಯನ್ ಬಟ್ಟೆಯಲ್ಲಿ ಸುತ್ತಿ ಕಪಾಟಿಗಿಟ್ಟೆ.

ಇಷ್ಟರ ನಡುವೆ ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಎದುರಾಗುವ ತೊಡಕೊಂದು ಬಂತು. ಆಟ ನಡೆದ ಊರು, ಮೇಳ, ಪ್ರಸಂಗ, ಯಾರ ಮನೆಯ ಹರಕೆ, ಎಲ್ಲವನ್ನೂ ದೊಡ್ಡಪ್ಪ ಫೋಲ್ಡರಿನ ಹೆಸರಿನಲ್ಲೇ ಕನ್ನಡದಲ್ಲಿ ಬರೆದಿದ್ದರು. ಫೋಲ್ಡರಿನೊಳಗೆ ಫೋಲ್ಡರ್. ವಿಂಡೋಸಿನಲ್ಲಿ ಫೈಲಿನ ಪೂರ್ತಿ ವಿಳಾಸ 260 ಚಿಹ್ನೆಗಳೊಳಗೆ ಇರಬೇಕೆಂಬುದು ಹಳೆಯ ಕಟ್ಟು, ಎಷ್ಟೋ ತಂತ್ರಾಂಶಗಳು ಈಗಲೂ ಅದನ್ನು ಮೀರುವುದಿಲ್ಲ. ನಾವು ‘ಯಕ್ಷಗಾನ’ ಎಂಬುದನ್ನು ನಾಲ್ಕು ಅಕ್ಷರ ಎಂದು ಎಣಿಸುತ್ತೇವೆ, ಕಂಪ್ಯೂಟರಿಗೆ ಅದು ಏಳು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಒತ್ತಕ್ಷರ, ಗುಣಿತಗಳೆಲ್ಲ ಬೇರೆ ಬೇರೆ ಎಣಿಕೆ. ‘ಹೊಸತು’ ಡಿಸ್ಕಿನಲ್ಲಿ ಇನ್ನೊಂದು ಫೋಲ್ಡರಿನೊಳಗೆ ಇವನ್ನು ಹಾಕಹೊರಟಾಗ ವಿಳಾಸ ಉದ್ದವಾಗಿ ಕಾಪಿ ನಿಂತಿತು. ದೊಡ್ಡಪ್ಪ ಇಟ್ಟ ಹೆಸರು ತುಂಡರಿಸಲು ಮನಸ್ಸಾಗಲಿಲ್ಲ. ಅವರ ಫೋಲ್ಡರುಗಳನ್ನು ನೇರ ಡಿಸ್ಕಿನ ಬುಡದಲ್ಲೇ ಇಟ್ಟೆ, ಹೆಸರುಗಳೆಲ್ಲ ಉಳಿದವು.

ಇನ್ನು ಕಟ್-ಪೇಸ್ಟ್. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಕಟ್ ಮಾಡಲೇಬಾರದು. ನಡುವೆ ನಿಂತರೆ ಅರ್ಧ ಸಂಸಾರ ಇಲ್ಲಿ, ಅರ್ಧ ಅಲ್ಲಿ. ಕಾಪಿ ಮಾಡಿ, ತಾಳೆ ನೋಡಿ, ಅಳಿಸುವ ಯೋಚನೆ ಆಮೇಲೆ. ವಿಂಡೋಸಿನ ಮಾಮೂಲಿ ಕಾಪಿ ಬರೆದದ್ದನ್ನು ಮತ್ತೆ ಓದಿ ಹೋಲಿಸುವುದಿಲ್ಲ. ಹೋಲಿಸುವ ಸೌಲಭ್ಯ ಟೆರಾಕಾಪಿಯಲ್ಲಿ ಇದೆ. ವಿಂಡೋಸಿನ ಜೊತೆಗೇ ಬರುವ ರೋಬೊಕಾಪಿ ಬಿದ್ದಲ್ಲಿಂದ ಎದ್ದು ಮುಂದುವರಿಯುವುದರಲ್ಲಿ ಗಟ್ಟಿ. ಆದರೆ ಅದನ್ನು ಸುಮ್ಮನೆ ಬಿಟ್ಟರೆ ಓದಲಾಗದ ಒಂದು ಫೈಲಿಗೆ 30 ಸೆಕೆಂಡಿಗೊಮ್ಮೆಯಂತೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿ ನೋಡಿದೆ, 347 ದಿನ. ಪ್ರಯತ್ನದ ಸಂಖ್ಯೆಯನ್ನು ಒಂದಕ್ಕೆ ಇಳಿಸಿಯೇ ಓಡಿಸಬೇಕು. ಮತ್ತೊಂದು ಸಂಗತಿ: ಕೆಲವು ಹೊಸ ಡಿಸ್ಕುಗಳು ಹಂಚು ಹೊದಿಸಿದಂತೆ ಒಂದು ಸಾಲಿನ ಮೇಲೆ ಇನ್ನೊಂದನ್ನು ಒತ್ತಿ ಬರೆಯುತ್ತವೆ. ಮೊದಮೊದಲು ಓಡಿ, ಆಮೇಲೆ ತೆವಳತೊಡಗುತ್ತವೆ. ಅದು ಕಾಯಿಲೆಯಲ್ಲ, ಗಾಬರಿಯಾಗಿ ಕೇಬಲ್ ಕೀಳಬೇಡಿ.

ಹೊಸ ಡಿಸ್ಕಿನಿಂದ ಮತ್ತೊಂದು ಪ್ರತಿ ಮಾಡಿ ಶಿವಮೊಗ್ಗದಲ್ಲಿರುವ ತಂಗಿಯ ಮನೆಗೆ ಕಳಿಸಿದೆ. 36 ಫೈಲಿಗೂ ಎರಡೂ ಕಡೆ ಎಸ್‌ಎಚ್‌ಎ-256 ಲೆಕ್ಕ ತೆಗೆದು ಹೋಲಿಸಿದೆವು, ಅವಳು ಫೋನಿನಲ್ಲಿ ಓದುತ್ತ, ನಾನು ಪರದೆ ನೋಡುತ್ತ. ಒಂದೊಂದಕ್ಕೆ 64 ಅಂಕಿ-ಅಕ್ಷರ. ಮೊದಲ ಎಂಟು ಮತ್ತು ಕೊನೆಯ ಎಂಟು ಓದಿದರೆ ಸಾಕು ಎಂದೆ. ಅವಳು ಕೇಳಲಿಲ್ಲ, ಪೂರ್ತಿ ಓದಿದಳು.

ಒಂಬತ್ತನೇ ದಿನ ಸಂಜೆ ಕೃಷ್ಣಸಂಧಾನದ ಮೂರನೇ ಟೇಪು ಹಾಕಿ, 37ನೇ ನಿಮಿಷಕ್ಕೆ ಓಡಿಸಿದೆ. ಡಿವಿಯಲ್ಲಿ ಪ್ರತಿ ಚಿತ್ರವೂ ಸ್ವತಂತ್ರ, ಹಿಂದಿನ ಚಿತ್ರವನ್ನು ನೆಚ್ಚಿಕೊಂಡಿರುವುದಿಲ್ಲ. ಆದ್ದರಿಂದ 48 ಕಿಲೋಬೈಟ್ ಹೋದರೆ ಒಂದೆರಡು ಚಿತ್ರಕ್ಕಷ್ಟೇ ಪೆಟ್ಟು. ದುರ್ಯೋಧನ ಪೀಠದಿಂದ ಏಳುವ ಹೊತ್ತು. ಚಂಡೆಯ ಏರು. ಕಿರೀಟದ ಎಡಬದಿಯಲ್ಲಿ ಬೂದು ಬಣ್ಣದ ಚೌಕಗಳು ಮಿಂಚಿ, ಕಣ್ಣು ಮಿಟುಕಿಸುವುದರೊಳಗೆ ಹೋದವು. ದನಿಯಲ್ಲಿ ಒಂದು ಸಣ್ಣ ಚಿಟ್. ಅದರ ಹಿಂದೆಯೇ, ಕ್ಯಾಮೆರಾದ ಪಕ್ಕದಿಂದ, ತಡೆದುಕೊಳ್ಳಲು ನೋಡಿ ಆಗದೆ ಬಂದ ಕೆಮ್ಮು.

ದೊಡ್ಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

‘ಸ್ವಲ್ಪ ಹಿಂದೆ ಹಾಕು’ ಎಂದರು.